ನಾಲ್ಕು ವರ್ಷದ ಪಾಠ, ತಾರೀಕಿನ ಒಂದು ಖಾಲಿ ಜಾಗ: ಅಮೆರಿಕದ ಟೀಚ್ ಗ್ರಾಂಟ್ ಸಾಲವಾದ ಪ್ರಕರಣ

ಶಿಕ್ಷಕರಾಗಬೇಕೆಂದು ಕಾಲೇಜು ಸೇರುವವರಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಟೀಚ್ ಗ್ರಾಂಟ್ ಎಂದು ಹೆಸರು. 2007ರ ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು, 2008-09ರಿಂದ ಹಣ ಕೈಸೇರತೊಡಗಿತು. ವರ್ಷಕ್ಕೆ 4,000 ಡಾಲರ್‌ವರೆಗೆ, ಪದವಿ ಮುಗಿಯುವ ಹೊತ್ತಿಗೆ ಹೆಚ್ಚೆಂದರೆ 16,000. ಸ್ನಾತಕೋತ್ತರ ಪದವಿಗೆ ಇನ್ನೂ 8,000. ಇದಕ್ಕೆ ಪ್ರತಿಯಾಗಿ ವಿದ್ಯಾರ್ಥಿ ಕೊಡುವ ಮಾತು ಹೀಗಿದೆ: ಓದು ಮುಗಿದ 8 ವರ್ಷದೊಳಗೆ 4 ವರ್ಷ, ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯವನ್ನು ಪೂರ್ಣಾವಧಿ ಪಾಠ ಮಾಡುತ್ತೇನೆ. ಮಾತು ತಪ್ಪಿದರೆ ಪಡೆದ ಅಷ್ಟೂ ಹಣ ಸಾಲವಾಗುತ್ತದೆ. ಬಡ್ಡಿಯನ್ನು ಸಾಲವಾದ ದಿನದಿಂದ ಲೆಕ್ಕ ಹಾಕುವುದಿಲ್ಲ. ಪ್ರತಿಯೊಂದು ಕಂತು ಕೈಸೇರಿದ ದಿನಕ್ಕೇ ಹಿಂದೆ ಹೋಗಿ ಹಾಕುತ್ತಾರೆ.

ಯೋಜನೆಯ ಉದ್ದೇಶ ಒಳ್ಳೆಯದು. ಆದರೂ ಅದರ ಮೊದಲ ಹತ್ತು ವರ್ಷಗಳಲ್ಲಿ, ಕೊಟ್ಟ ಮಾತಿನಂತೆ ಪಾಠ ಮಾಡುತ್ತಿದ್ದ ಸಾವಿರಾರು ಶಿಕ್ಷಕರು ಸಾಲಗಾರರಾದರು. ಹೇಗೆಂದು ತಿಳಿಯಲು ಒಂದೇ ಒಂದು ಸನ್ನಿವೇಶವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡೋಣ. ಇದು ಹೆಸರಿರುವ ಯಾವ ವ್ಯಕ್ತಿಯ ಕತೆಯೂ ಅಲ್ಲ. ಆ ಕಾಲದ ನಿಯಮ, ಬಡ್ಡಿದರ, ಗಡುವುಗಳಿಗೆ ಸರಿಹೊಂದುವಂತೆ ಜೋಡಿಸಿದ್ದು; ಇದರಲ್ಲಿ ಬರುವ ಒಂದೊಂದು ತೊಡಕೂ ನಿಜವಾಗಿ ಶಿಕ್ಷಕರನ್ನು ಕಾಡಿದ್ದೇ.

ಹಣ ಬಂದ ಬಗೆ

ಗಣಿತ ಶಿಕ್ಷಕಿಯಾಗಲು ಹೊರಟ ಒಬ್ಬ ಹುಡುಗಿ 2009ರ ಆಗಸ್ಟಿನಲ್ಲಿ ನಾಲ್ಕು ವರ್ಷದ ಪದವಿಗೆ ಸೇರುತ್ತಾಳೆ. ಮನೆಯ ಆದಾಯ ಮಧ್ಯಮ. ಬಡತನದ ಆಧಾರದ ಮೇಲೆ ಕೊಡುವ ಹಣ ಇದಲ್ಲವಾದ್ದರಿಂದ ಆದಾಯ ಇಲ್ಲಿ ಅಡ್ಡ ಬರಲಿಲ್ಲ. ಆದರೂ ಕೇಂದ್ರದ ವಿದ್ಯಾರ್ಥಿ ನೆರವಿಗೆಲ್ಲ ಆಧಾರವಾದ ಫ್ಯಾಫ್ಸಾ ಅರ್ಜಿಯನ್ನು ಪ್ರತಿ ವರ್ಷ ತುಂಬಲೇಬೇಕು. ನಮಗೆ ಹೇಗೂ ಏನೂ ಸಿಗುವುದಿಲ್ಲ ಎಂದುಕೊಂಡು ಅದನ್ನು ತುಂಬದೆ ಬಿಡುವ ಕುಟುಂಬಗಳು ಈ ಹಣವನ್ನು ಅಲ್ಲಿಯೇ ಕಳೆದುಕೊಳ್ಳುತ್ತವೆ.

ಅಂಕದ ಷರತ್ತು ಎರಡರಲ್ಲಿ ಒಂದು: 4.0ಕ್ಕೆ 3.25 ಜಿಪಿಎ (ಎಲ್ಲ ವಿಷಯಗಳ ಸರಾಸರಿ ಅಂಕ), ಇಲ್ಲವೇ ಕಾಲೇಜು ಪ್ರವೇಶ ಪರೀಕ್ಷೆಯ ಯಾವುದಾದರೂ ಒಂದು ಭಾಗದಲ್ಲಿ 75ನೇ ಪರ್ಸೆಂಟೈಲ್‌ಗಿಂತ ಮೇಲೆ. ಮೊದಲ ವರ್ಷ ಹೈಸ್ಕೂಲಿನ ಜಿಪಿಎ ನೋಡುತ್ತಾರೆ, ಆಮೇಲೆ ಕಾಲೇಜಿನದು. ಜಿಪಿಎ ಬಲದ ಮೇಲೆ ಬಂದವರ ಅಲ್ಲಿಯವರೆಗಿನ ಒಟ್ಟು ಜಿಪಿಎ ಒಂದು ಸೆಮಿಸ್ಟರ್ ಕೊನೆಗೆ 3.2ಕ್ಕೆ ಇಳಿದರೂ ಮುಂದಿನ ಕಂತು ನಿಲ್ಲುತ್ತದೆ. ಪ್ರವೇಶ ಪರೀಕ್ಷೆಯ ಬಲದ ಮೇಲೆ ಬಂದವರಿಗೆ ಈ ಭಯವಿಲ್ಲ. ಎರಡೂ ಇದ್ದವರು ಪರೀಕ್ಷೆಯ ಅಂಕವನ್ನೇ ಆಧಾರವಾಗಿ ಕೊಡುವುದು ಜಾಣತನ.

ಇನ್ನು ಕಾಲೇಜು. ಕಾಲೇಜು ಈ ಯೋಜನೆಗೆ ಸೇರಿದ್ದರಷ್ಟೇ ಸಾಲದು, ವಿದ್ಯಾರ್ಥಿ ಓದುವ ಕೋರ್ಸೂ ಯೋಜನೆಯ ಪಟ್ಟಿಯಲ್ಲಿರಬೇಕು. ಪ್ರತಿ ವರ್ಷ ಆನ್‌ಲೈನ್‌ನಲ್ಲಿ ಸಲಹಾಪಾಠ ಮುಗಿಸಿ, ಸೇವಾ ಒಪ್ಪಂದಕ್ಕೆ ಹೊಸದಾಗಿ ಸಹಿ ಹಾಕಬೇಕು. ನಮ್ಮ ಹುಡುಗಿ ನಾಲ್ಕು ಸಲ ಸಹಿ ಹಾಕಿದಳು. ಆಗಸ್ಟಿನಲ್ಲಿ 2,000, ಜನವರಿಯಲ್ಲಿ 2,000. ಹೀಗೆ ಎಂಟು ಕಂತು, ಒಟ್ಟು 16,000 ಡಾಲರ್. 2013ರ ಮೇ ತಿಂಗಳಲ್ಲಿ ಪದವಿ. ಎಂಟು ವರ್ಷದ ಗಡಿಯಾರ ಅಂದೇ ಶುರುವಾಯಿತು. 2021ರ ಮೇಗೆ ಅದು ನಿಲ್ಲುತ್ತದೆ.

ಮೊದಲ ಎರಡು ವರ್ಷ

2013ರ ಆಗಸ್ಟಿನಲ್ಲಿ ಒಂದು ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಶಿಕ್ಷಣ ಇಲಾಖೆ ವರ್ಷ ವರ್ಷ ಹೊರಡಿಸುವ ಬಡ ಶಾಲೆಗಳ ಪಟ್ಟಿಯಲ್ಲಿ ಆ ಶಾಲೆಯ ಹೆಸರಿತ್ತು. ಟೈಟಲ್ ಒನ್ ಎಂಬ ಕೇಂದ್ರ ನೆರವಿಗೆ ಅರ್ಹವಾದ ಜಿಲ್ಲೆಯಲ್ಲಿದ್ದು, ಶೇ 30ಕ್ಕಿಂತ ಹೆಚ್ಚು ಮಕ್ಕಳು ಬಡ ಕುಟುಂಬದವರಾಗಿದ್ದರೆ ಶಾಲೆ ಈ ಪಟ್ಟಿಗೆ ಬರುತ್ತದೆ. ಪಟ್ಟಿ ಆಯಾ ವರ್ಷಕ್ಕೆ ಸೀಮಿತ. ಶಿಕ್ಷಕಿಗೆ ಅನುಕೂಲವಾದ ಒಂದು ನಿಯಮವೂ ಇದೆ: ಸೇರಿದ ವರ್ಷ ಪಟ್ಟಿಯಲ್ಲಿದ್ದ ಶಾಲೆ ಮುಂದೆ ಪಟ್ಟಿಯಿಂದ ಬಿದ್ದುಹೋದರೂ ಅದೇ ಶಾಲೆಯಲ್ಲಿ ಮುಂದುವರಿದವರ ಸೇವೆ ಲೆಕ್ಕಕ್ಕೆ ಬರುತ್ತದೆ. ಶಾಲೆ ಬದಲಿಸಿದರೆ ಹೊಸ ಶಾಲೆಯನ್ನು ಆ ವರ್ಷದ ಪಟ್ಟಿಯಲ್ಲಿ ಮತ್ತೆ ಹುಡುಕಬೇಕು.

ದಿನಕ್ಕೆ ಆರು ಪೀರಿಯಡ್, ಆರೂ ಗಣಿತ. ವರ್ಷ ಮುಗಿದ ಮೇಲೆ ಪ್ರಿನ್ಸಿಪಾಲರಿಂದ ಪ್ರಮಾಣಪತ್ರ ಬರೆಸಿ, ಇಲಾಖೆಯ ಪರವಾಗಿ ಲೆಕ್ಕ ನೋಡುವ ಕಂಪನಿಗೆ ಕಳಿಸಿದಳು. ಮೊದಲ ವರ್ಷದ್ದು ಸ್ವೀಕೃತವಾಯಿತು.

ಎಡವಿದ್ದು ಎರಡನೇ ವರ್ಷದ ಪತ್ರದಲ್ಲಿ. ಆ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಲೆ ಶಿಕ್ಷಕಿಯ ಹೆಸರು, ವಿಳಾಸ, ಸಹಿ. ನಡುವೆ ಶಾಲೆಯ ಹೆಸರು, ಶಾಲಾ ವರ್ಷ ಆರಂಭವಾದ ಮತ್ತು ಮುಗಿದ ದಿನ, ಕಲಿಸಿದ ವಿಷಯ, ಪೂರ್ಣಾವಧಿಯೋ ಅಲ್ಲವೋ ಎಂಬ ಗುರುತು. ಕೆಳಗೆ ಶಾಲೆಯ ಮುಖ್ಯಸ್ಥರ ಹೆಸರು, ಹುದ್ದೆ, ಫೋನ್ ನಂಬರ್, ಸಹಿ, ಸಹಿಯ ಪಕ್ಕದಲ್ಲಿ ತಾರೀಕಿಗೆ ಒಂದು ಚಿಕ್ಕ ಜಾಗ. ಪ್ರಿನ್ಸಿಪಾಲರು ಸಹಿ ಹಾಕಿದರು, ತಾರೀಕು ಬರೆಯುವುದು ಮರೆತುಹೋಯಿತು. ಬೇಸಿಗೆ ರಜೆಗೆ ಶಾಲೆಯ ಬಾಗಿಲು ಹಾಕುವ ಗಡಿಬಿಡಿಯಲ್ಲಿ ಬರೆಸಿದ ಪತ್ರ ಅದು. ಜೂನ್ ಎರಡನೇ ವಾರದಲ್ಲಿ ಶಿಕ್ಷಕಿ ಮನೆ ಬದಲಿಸಿದಳು. ತಾರೀಕಿಲ್ಲವೆಂದು ಕಂಪನಿ ಪತ್ರವನ್ನು ತಿರಸ್ಕರಿಸಿ ಬರೆದ ಕಾಗದ ಹಳೆಯ ವಿಳಾಸಕ್ಕೆ ಹೋಯಿತು. ಅದು ಸುತ್ತಿ ಬಳಸಿ ಕೈಗೆ ಸಿಗುವಾಗ ಆಗಸ್ಟ್ ನಡುಭಾಗ, ಗಡುವು ದಾಟಿತ್ತು.

2015ರ ಆಗಸ್ಟ್ ಕೊನೆಗೆ ಅಷ್ಟೂ ಹಣ ಸಾಲವಾಯಿತು. ಎರಡನೇ ವರ್ಷದ್ದು ಮಾತ್ರ ಎಂದುಕೊಳ್ಳಬೇಡಿ. ಎಂಟು ಕಂತೂ, 16,000 ಡಾಲರ್ ಪೂರ್ತಿ.

ಬಡ್ಡಿಯ ಲೆಕ್ಕ

ಕಂತುಗಳು ಬಂದ ವರ್ಷಗಳಲ್ಲಿ ಈ ಬಗೆಯ ಕೇಂದ್ರ ಸಾಲದ ಬಡ್ಡಿ ಶೇ 6.8. ಒಂದು 2,000 ಡಾಲರ್ ಕಂತಿಗೆ ವರ್ಷಕ್ಕೆ 136 ಡಾಲರ್. 2009ರ ಆಗಸ್ಟಿನ ಕಂತಿಗೆ 2015ರ ಆಗಸ್ಟ್‌ವರೆಗೆ ಆರು ವರ್ಷದ ಬಡ್ಡಿ, ಅಂದರೆ 816 ಡಾಲರ್. 2013ರ ಜನವರಿಯ ಕೊನೆಯ ಕಂತಿಗೆ ಎರಡು ವರ್ಷ ಏಳು ತಿಂಗಳದ್ದು, ಸುಮಾರು 351. ಎಂಟು ಕಂತುಗಳ ಅವಧಿಯನ್ನೂ ಕೂಡಿದರೆ 34 ವರ್ಷ 4 ತಿಂಗಳು. ಅದನ್ನು 136ರಿಂದ ಗುಣಿಸಿದರೆ ಸುಮಾರು 4,669 ಡಾಲರ್. ಸಾಲವಾದ ದಿನವೇ ಹೊರೆ 20,669ಕ್ಕೆ ಏರಿತ್ತು. ಮರುಪಾವತಿ ಶುರುವಾಗುವ ಮೊದಲು ಆರು ತಿಂಗಳ ಬಿಡುವು ಕೊಡುತ್ತಾರೆ, ಆದರೆ ಬಡ್ಡಿಗೆ ಬಿಡುವಿಲ್ಲ: ಇನ್ನೂ 544. ಒಟ್ಟು 21,213 ಡಾಲರನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 244 ಡಾಲರ್ ಕಂತು. ಹತ್ತು ವರ್ಷ ತೀರುವಾಗ ಕಟ್ಟಿದ್ದು 29,000 ದಾಟಿರುತ್ತದೆ.

ತಾರೀಕು ಬಿಟ್ಟುಹೋದ ಆ ಹಾಳೆಯ ಬೆಲೆ ಇಷ್ಟು. ಅವಳು ಅದೇ ಶಾಲೆಯಲ್ಲಿ, ಅದೇ ಮಕ್ಕಳಿಗೆ, ಅದೇ ಬೀಜಗಣಿತ ಹೇಳಿಕೊಡುತ್ತಲೇ ಇದ್ದಳು. ಆಗಿನ ಒಪ್ಪಂದದ ಪ್ರಕಾರ ಒಮ್ಮೆ ಸಾಲವಾದದ್ದು ಮತ್ತೆ ಅನುದಾನವಾಗುವಂತಿರಲಿಲ್ಲ. ಕಂಪನಿಯದೇ ತಪ್ಪು ಎಂದು ತೋರಿಸಿಕೊಟ್ಟರೆ ಮಾತ್ರ ದಾರಿಯಿತ್ತು. ತಾರೀಕು ಬಿಟ್ಟದ್ದು ಶಾಲೆಯವರು, ವಿಳಾಸ ಬದಲಿಸಿದ್ದನ್ನು ತಿಳಿಸದಿದ್ದದ್ದು ಶಿಕ್ಷಕಿ. ಕಾಗದದ ಮೇಲೆ ಕಂಪನಿಯದು ಏನೂ ತಪ್ಪಿಲ್ಲ.

ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಈ ವ್ಯವಸ್ಥೆಯ ದೋಷ ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಸೇವಾ ಪುಸ್ತಕವನ್ನು ಇಟ್ಟುಕೊಳ್ಳುವುದು ಇಲಾಖೆ. ಯಾವ ಶಾಲೆ, ಎಂದಿನಿಂದ ಎಂದಿನವರೆಗೆ, ಯಾವ ಹುದ್ದೆ ಎಂಬುದೆಲ್ಲ ಎಸ್‌ಆರ್‌ನಲ್ಲಿ ನಮೂದಾಗುತ್ತದೆ. ಒಂದು ನಮೂದು ಬಿಟ್ಟುಹೋದರೆ ಬಿಇಒ ಕಚೇರಿಗೆ ಅಲೆಯಬೇಕಾಗಬಹುದು, ಆದರೆ ಮಾಡಿದ ಸೇವೆಯೇ ಇಲ್ಲವಾಗುವುದಿಲ್ಲ. ಟೀಚ್ ಗ್ರಾಂಟಿನಲ್ಲಿ ಸೇವಾ ಪುಸ್ತಕ ಬರೆದಿಡುವವರು ಯಾರೂ ಇರಲಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರರ ಹೊಸ ಶಿಕ್ಷಕಿ, ಮೊದಲ ವರ್ಷದ ತರಗತಿ ನಿಭಾಯಿಸುವ ಪಾಡಿನ ನಡುವೆ, ತನ್ನ ಸೇವೆಯ ದಾಖಲೆಯನ್ನು ತಾನೇ ಪ್ರತಿ ವರ್ಷ ಸೃಷ್ಟಿಸಿ ಗಡುವಿನೊಳಗೆ ಸಲ್ಲಿಸಬೇಕಿತ್ತು. ದಾಖಲೆ ಬರಲಿಲ್ಲ ಎಂಬುದನ್ನೇ ಪಾಠ ಮಾಡಲಿಲ್ಲ ಎಂದು ಓದಿದ್ದು ಈ ಯೋಜನೆಯ ಮೂಲ ತಪ್ಪು. ಬೇರೆಲ್ಲವೂ ಅದರಿಂದ ಹುಟ್ಟಿದವು.

ಮೂರನೇ ವರ್ಷದ ಟೈಮ್‌ಟೇಬಲ್

ಪ್ರಕರಣದಲ್ಲಿ ಇನ್ನೊಂದು ತೊಡಕಿದೆ, ಅದು ಕಾಗದಕ್ಕೆ ಸಂಬಂಧಿಸಿದ್ದಲ್ಲ. 2015-16ರಲ್ಲಿ ಸಮಾಜ ವಿಜ್ಞಾನದ ಶಿಕ್ಷಕರೊಬ್ಬರು ಶಾಲೆ ಬಿಟ್ಟರು. ಪ್ರಿನ್ಸಿಪಾಲರು ಇವಳಿಗೆ ಮೂರು ಪೀರಿಯಡ್ ಗಣಿತ, ಮೂರು ಪೀರಿಯಡ್ ಸಮಾಜ ವಿಜ್ಞಾನ ಹಂಚಿದರು. ಹೊಸ ಶಿಕ್ಷಕಿ ಇಲ್ಲವೆನ್ನಲಾರಳು. ಆದರೆ ನಿಯಮ ಕೇಳುವುದು ಕೊರತೆಯ ವಿಷಯದಲ್ಲಿ ಬಹುಪಾಲು ತರಗತಿಗಳನ್ನು. ಆರರಲ್ಲಿ ನಾಲ್ಕು ಬಹುಪಾಲು, ಆರರಲ್ಲಿ ಮೂರು ಬಹುಪಾಲಲ್ಲ. ಆ ರಾಜ್ಯದ ಕೊರತೆಪಟ್ಟಿಯಲ್ಲಿ ಸಮಾಜ ವಿಜ್ಞಾನ ಇರಲಿಲ್ಲವಾದ್ದರಿಂದ ಇಡೀ ವರ್ಷ ಲೆಕ್ಕದಿಂದ ಹೊರಗುಳಿಯಿತು.

ಕೊರತೆಯ ವಿಷಯಗಳೆಂದು ದೇಶಕ್ಕೆಲ್ಲ ಅನ್ವಯವಾಗುವಂತೆ ಹೆಸರಿಸಿರುವುದು ಗಣಿತ, ವಿಜ್ಞಾನ, ವಿಶೇಷ ಶಿಕ್ಷಣ, ವಿದೇಶಿ ಭಾಷೆ, ದ್ವಿಭಾಷಾ ಶಿಕ್ಷಣ ಮತ್ತು ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್, ಓದುವಿಕೆಯ ತಜ್ಞತೆ. ಇವುಗಳ ಮೇಲೆ ಆಯಾ ರಾಜ್ಯ ಸೇರಿಸುವ ವಿಷಯಗಳು ಬೇರೆ. ಇಲ್ಲಿ ಅತಿ ಹೆಚ್ಚು ಜನ ಎಡವುವುದು ಪ್ರಾಥಮಿಕ ಶಾಲೆಯವರು. ಒಂದು ತರಗತಿಗೆ ಎಲ್ಲ ವಿಷಯವನ್ನೂ ಒಬ್ಬರೇ ಕಲಿಸುವ ಶಿಕ್ಷಕಿ, ಶಾಲೆ ಎಷ್ಟೇ ಬಡವಾಗಿರಲಿ, ಪ್ರಾಥಮಿಕ ಶಿಕ್ಷಣವನ್ನು ರಾಜ್ಯ ಕೊರತೆಯೆಂದು ಪಟ್ಟಿ ಮಾಡಿರದಿದ್ದರೆ ಅರ್ಹಳಲ್ಲ. ಪ್ರಾಥಮಿಕ ಶಿಕ್ಷಣದ ಕೋರ್ಸಿಗೆ ಸೇರಿ ಈ ಹಣ ಪಡೆಯುವವರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಹೇಳದೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ.

ಟೈಮ್‌ಟೇಬಲ್ ಹಂಚುವ ಮೊದಲೇ ಪ್ರಿನ್ಸಿಪಾಲರ ಬಳಿ ಹೋಗಿ, ನನಗೆ ಕನಿಷ್ಠ ನಾಲ್ಕು ಪೀರಿಯಡ್ ಗಣಿತ ಬೇಕು, ಇಲ್ಲದಿದ್ದರೆ ನನ್ನ ಒಂದು ವರ್ಷ ಹೋಗುತ್ತದೆ ಎಂದು ಕೇಳಿಕೊಂಡಿದ್ದರೆ ಬಹುಶಃ ಕೊಡುತ್ತಿದ್ದರು. ಕೇಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಂದಿನ ವರ್ಷ ಆರೂ ಗಣಿತವೇ ಬಂತು. 2016-17, 2017-18 ಎರಡೂ ಸೇರಿ, ಸಾಲಗಾರಳಾಗಿಯೇ ಅವಳು ನಾಲ್ಕು ಅರ್ಹ ವರ್ಷಗಳನ್ನು 2018ರ ಜೂನ್‌ಗೆ ಮುಗಿಸಿದಳು. ಎಂಟು ವರ್ಷದ ಗಡುವಿಗೆ ಇನ್ನೂ ಸುಮಾರು ಮೂರು ವರ್ಷ ಬಾಕಿಯಿತ್ತು.

ಬಾಗಿಲು ತೆರೆದದ್ದು

ಈ ನಡುವೆ ಹೊರಗೆ ಏನಾಗುತ್ತಿತ್ತೆಂದರೆ, 2015ರಲ್ಲಿಯೇ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು: 2014ರ ಜೂನ್‌ವರೆಗೆ ಈ ಹಣ ಪಡೆದ 1,12,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 36,000 ಜನರದ್ದು ಸಾಲವಾಗಿದೆ, ಅದರಲ್ಲಿ 2,200ಕ್ಕೂ ಮಿಕ್ಕಿದ್ದು ತಪ್ಪಾಗಿ ಆದದ್ದು ಎಂದು. 2018ರಲ್ಲಿ ಬಂದ, ಇಲಾಖೆಗಾಗಿಯೇ ಮಾಡಿದ ಅಧ್ಯಯನದಲ್ಲಿ ಇನ್ನೂ ಕೆಟ್ಟ ಚಿತ್ರವಿತ್ತು. 2014ರ ಜುಲೈಗೆ ಮೊದಲು ಸೇವೆಯ ಅವಧಿ ಆರಂಭಿಸಿದವರಲ್ಲಿ ಶೇ 63 ಜನರ ಅನುದಾನ ಸಾಲವಾಗಿತ್ತು. ಇವರೆಲ್ಲರೂ ಕಾಗದದಿಂದ ಕೆಟ್ಟವರಲ್ಲ. ಎಷ್ಟೋ ಜನ ಶಿಕ್ಷಕ ವೃತ್ತಿಗೇ ಬರಲಿಲ್ಲ, ಬಂದವರಲ್ಲಿ ಹಲವರು ಅರ್ಹವಲ್ಲದ ಶಾಲೆಗೋ ವಿಷಯಕ್ಕೋ ಸೇರಿದರು. ಆದರೆ ಅರ್ಹ ಪಾಠ ಮಾಡುತ್ತಿದ್ದೂ ಪ್ರಮಾಣಪತ್ರದಲ್ಲಿ ಎಡವಿದವರ ಗುಂಪು ಸಣ್ಣದಾಗಿರಲಿಲ್ಲ. ಅದೇ ವರ್ಷ ಅಲ್ಲಿನ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಈ ಶಿಕ್ಷಕರ ಮಾತುಗಳನ್ನು ಒಂದರ ಹಿಂದೊಂದರಂತೆ ಪ್ರಸಾರ ಮಾಡಿತು. 2018ರ ಡಿಸೆಂಬರಿನಲ್ಲಿ ಇಲಾಖೆ ಮರುಪರಿಶೀಲನೆಯನ್ನು ಘೋಷಿಸಿತು.

ನಮ್ಮ ಶಿಕ್ಷಕಿ 2019ರ ಆರಂಭದಲ್ಲಿ ಅರ್ಜಿ ಹಾಕಿದಳೆಂದು ಇಟ್ಟುಕೊಳ್ಳೋಣ. ಬೇಕಾದದ್ದು ನಾಲ್ಕು ಅರ್ಹ ವರ್ಷಗಳ ಪ್ರಮಾಣಪತ್ರ. ಮೊದಲ ವರ್ಷದ್ದು ಆಗಲೇ ಸ್ವೀಕೃತ. ಎರಡನೇ ವರ್ಷಕ್ಕೆ ಸಹಿ ಹಾಕಿದ್ದ ಪ್ರಿನ್ಸಿಪಾಲರು ನಿವೃತ್ತರಾಗಿದ್ದರು. ಇಲ್ಲಿ ಗಾಬರಿಯಾಗಬೇಕಿಲ್ಲ, ಅಂದಿನ ಮುಖ್ಯಸ್ಥರೇ ಸಹಿ ಹಾಕಬೇಕೆಂದಿಲ್ಲ; ನೌಕರಿಯ ದಾಖಲೆ ನೋಡಿ ದೃಢೀಕರಿಸಬಲ್ಲ ಈಗಿನ ಅಧಿಕಾರಿ ಸಾಕು. ಅವಳ ಕೈಯಲ್ಲಿದ್ದ ಪ್ರತಿ ವರ್ಷದ ಟೈಮ್‌ಟೇಬಲ್ ಪ್ರತಿ ಮತ್ತು ನೇಮಕಾತಿ ಪತ್ರಗಳು ಆ ಅಧಿಕಾರಿಯ ಕೆಲಸವನ್ನು ಹಗುರ ಮಾಡಿದವು. 2015-16ನ್ನು ಅವಳು ಅರ್ಜಿಯಲ್ಲಿ ಸೇರಿಸಲಿಲ್ಲ. ಸೇರಿಸಿದ್ದರೆ ಆ ವರ್ಷದ ವಿಚಾರಣೆಗೆಂದೇ ಕಡತ ಕುಂಟುತ್ತಿತ್ತು. ಅರ್ಹವಲ್ಲದ ವರ್ಷವನ್ನು ತಳ್ಳಿ ನೋಡುವುದಕ್ಕಿಂತ ಇನ್ನೊಂದು ಅರ್ಹ ವರ್ಷ ಕೈಯಲ್ಲಿಟ್ಟುಕೊಂಡು ಹೋಗುವುದೇ ಲೇಸು.

ಸಾಲ ಮತ್ತೆ ಅನುದಾನವಾಯಿತು, ಬಡ್ಡಿ ಅಳಿಯಿತು. 2016ರ ಮಾರ್ಚ್‌ನಿಂದ 2019ರ ಫೆಬ್ರವರಿವರೆಗೆ ಕಟ್ಟಿದ್ದ 36 ಕಂತು, ತಿಂಗಳಿಗೆ 244ರಂತೆ 8,784 ಡಾಲರ್, ಮರಳಿ ಬಂತು. ಮರಳಿ ಬಾರದ್ದು ಆ ಮೂರು ವರ್ಷ ಅವಳು ಮನೆ ಬಾಡಿಗೆಗೂ ಕಾರಿಗೂ ಲೆಕ್ಕ ಕೂಡಿಸಿ ಕಳೆದ ರಾತ್ರಿಗಳು. ಸಾಲದ ಭಯಕ್ಕೆ ಬಡ ಶಾಲೆ ಬಿಟ್ಟು ಸಂಬಳ ಹೆಚ್ಚಿರುವ ಕಡೆ ಹೋದವರೂ ಇದ್ದರು. ಅಂಥವರಿಗಾಗಿ 2021ರ ಅಕ್ಟೋಬರಿನಲ್ಲಿ ಇನ್ನೊಂದು ಕಾಯ್ದೆ ಬಂದು, ತಪ್ಪಾಗಿ ಸಾಲವಾಗಿ ಮತ್ತೆ ಅನುದಾನವಾದವರಿಗೆ ಎಂಟು ವರ್ಷದ ಗಡುವನ್ನು ಹಿಗ್ಗಿಸಿತು.

ಇವತ್ತು ಸೇರುವವರಿಗೆ

2021ರ ಜುಲೈ 1ರಿಂದ ನಿಯಮ ಬೇರೆ. ವಾರ್ಷಿಕ ಪ್ರಮಾಣಪತ್ರ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಈಗ ಅನುದಾನ ಸಾಲವಾಗುವುದಿಲ್ಲ. ವಿದ್ಯಾರ್ಥಿಯೇ ಕೇಳಿಕೊಂಡರೆ, ಇಲ್ಲವೇ ಉಳಿದ ಕಾಲದಲ್ಲಿ ನಾಲ್ಕು ವರ್ಷ ಮುಗಿಸಲು ಸಾಧ್ಯವೇ ಇಲ್ಲವೆಂದಾದರೆ ಮಾತ್ರ ಸಾಲ. ತಪ್ಪಾಯಿತೆನಿಸಿದರೆ ಮರುಪರಿಶೀಲನೆ ಕೇಳುವ ಹಕ್ಕೂ ಈಗ ನಿಯಮದಲ್ಲೇ ಇದೆ. ಒಪ್ಪಂದದ ಹೆಸರನ್ನೂ ಬದಲಿಸಿದ್ದಾರೆ: ಮೊದಲು ಸೇವಾ ಒಪ್ಪಂದ, ಈಗ ಸೇವೆ ಅಥವಾ ಮರುಪಾವತಿ ಒಪ್ಪಂದ. ಹೆಸರಲ್ಲೇ ಸಾಲದ ಮಾತಿರುವುದು ಒಳ್ಳೆಯದು, ಸಹಿ ಹಾಕುವವರಿಗೆ ತಿಳಿದಿರಲಿ.

ಹಾಗೆಂದು ಪ್ರಮಾಣಪತ್ರವನ್ನು ನಾಲ್ಕು ವರ್ಷ ಕೂಡಿಟ್ಟು ಒಟ್ಟಿಗೆ ಕಳಿಸುವುದು ತಪ್ಪು ದಾರಿ. ಪ್ರತಿ ವರ್ಷ ಶಾಲೆ ಮುಗಿಯುವ ಎರಡು ವಾರ ಮೊದಲೇ ಹಾಳೆಯನ್ನು ತುಂಬಿಟ್ಟುಕೊಂಡು, ಕೊನೆಯ ದಿನ ಪ್ರಿನ್ಸಿಪಾಲರ ಎದುರಿಗೇ ನಿಂತು ಸಹಿ, ತಾರೀಕು, ಹುದ್ದೆ, ಫೋನ್ ನಂಬರ್ ನಾಲ್ಕೂ ಇವೆಯೆಂದು ನೋಡಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿ. ಸ್ವೀಕೃತವಾಯಿತೆಂಬ ಉತ್ತರ ಬರುವತನಕ ಕೆಲಸ ಮುಗಿದಿಲ್ಲ. ಆ ವರ್ಷದ ಶಾಲಾಪಟ್ಟಿಯಲ್ಲಿ ನಿಮ್ಮ ಶಾಲೆ ಇರುವ ಪುಟವನ್ನು ಅಂದೇ ಪಿಡಿಎಫ್ ಮಾಡಿ ಟೈಮ್‌ಟೇಬಲ್ ಜೊತೆ ಇಟ್ಟುಕೊಳ್ಳಿ. ಮನೆ ಬದಲಿಸಿದ ವಾರವೇ ವಿಳಾಸ ತಿದ್ದಿ; ಕಾಲೇಜಿನ ಇಮೇಲ್ ಕೊಟ್ಟಿದ್ದರೆ ಪದವಿಗೆ ಮೊದಲೇ ಸ್ವಂತ ಇಮೇಲ್‌ಗೆ ಬದಲಿಸಿ, ಕಾಲೇಜಿನದು ಮುಚ್ಚಿಹೋಗಬಹುದು.

ಗಡುವನ್ನು ತುದಿಗೆ ತಂದುಕೊಳ್ಳಬೇಡಿ. 2026ರ ಮೇ ನಡುಭಾಗದಲ್ಲಿ ಪದವಿ ಮುಗಿದರೆ ಎಂಟು ವರ್ಷ ತುಂಬುವುದು 2034ರ ಮೇಗೆ. 2030ರ ಆಗಸ್ಟಿನಲ್ಲಿ ಆರಂಭಿಸಿದರೂ ನಾಲ್ಕು ವರ್ಷ ಸಿಗುತ್ತದೆಂದು ತೋರುತ್ತದೆ, ಆದರೆ ನಿಮ್ಮ ಊರಿನ ಶಾಲೆ ಜೂನ್‌ನಲ್ಲಿ ಮುಗಿಯುವುದಾದರೆ ನಾಲ್ಕನೇ ವರ್ಷ ಗಡಿಯಾಚೆ ಬೀಳುತ್ತದೆ. ಹೆರಿಗೆ, ಕಾಯಿಲೆ, ಸೈನಿಕ ಸೇವೆ, ಮುಂದಿನ ಓದು ಇವುಗಳಿಗೆ ಒಂದೊಂದು ವರ್ಷದಂತೆ ಒಟ್ಟು ಮೂರು ವರ್ಷದವರೆಗೆ ಗಡಿಯಾರ ನಿಲ್ಲಿಸಲು ಅರ್ಜಿ ಹಾಕಬಹುದು. ಅರ್ಜಿ ಹಾಕದೆ ಅದು ತಾನಾಗಿ ನಿಲ್ಲುವುದಿಲ್ಲ.

ಮೊತ್ತವೂ ಸ್ವಲ್ಪ ಇಳಿದಿದೆ. ಕೇಂದ್ರದ ವೆಚ್ಚ ಕಡಿತದ ಕಾನೂನಿನಿಂದ ಶೇ 5.7 ಕಳೆದು, 4,000ದ ಬದಲು 3,772 ಡಾಲರ್ ಕೈಗೆ ಬರುತ್ತದೆ. 2025-26ರಲ್ಲಿ ಪದವಿ ವಿದ್ಯಾರ್ಥಿ ಪಡೆದ ಹಣ ಮುಂದೆ ಸಾಲವಾದರೆ ಅದರ ಬಡ್ಡಿ ಶೇ 6.39. ಬಡ ಶಾಲೆಯಲ್ಲಿ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣ ಕಲಿಸುತ್ತೇನೆ ಎಂಬುದು ಗಟ್ಟಿಯಾಗಿದ್ದರೆ ಪಡೆಯಿರಿ. ಮೊದಲ ವರ್ಷದಲ್ಲಿ ಮನಸ್ಸು ಡೋಲಾಯಮಾನವಾಗಿದ್ದರೆ ಆ ವರ್ಷ ಬಿಟ್ಟು, ತರಗತಿಗೆ ಹೋಗಿ ಪಾಠ ಮಾಡಿ ನೋಡಿದ ಮೇಲೆ, ಮೂರನೇ ವರ್ಷದಿಂದ ತೆಗೆದುಕೊಳ್ಳುವುದು ಕ್ಷೇಮ. ಒಂದು ವರ್ಷದ ಹಣ ಪಡೆದರೂ ಸೇವೆ ನಾಲ್ಕೇ ವರ್ಷ, ನಾಲ್ಕು ವರ್ಷದ್ದು ಪಡೆದರೂ ನಾಲ್ಕೇ ಎಂಬುದನ್ನೂ ತೂಗಿ ನೋಡಬೇಕು.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದು ಗೊಂದಲ ಸಾಮಾನ್ಯ. ಅಲ್ಲಿ ಹುಟ್ಟಿದ ಮಕ್ಕಳು ಅಲ್ಲಿನ ಪ್ರಜೆಗಳು, ಅವರು ಅರ್ಹರು. ತಂದೆತಾಯಿ ಯಾವ ವೀಸಾದಲ್ಲಿದ್ದರೂ ಅದು ಅಡ್ಡಿಯಲ್ಲ. ಗ್ರೀನ್ ಕಾರ್ಡ್ ಇದ್ದವರೂ ಅರ್ಹರು. ಚಿಕ್ಕಂದಿನಲ್ಲಿ ಕರೆದೊಯ್ದ, ಇನ್ನೂ ಎಚ್-4ನಲ್ಲಿ, ಅಂದರೆ ತಂದೆ ಅಥವಾ ತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ ವೀಸಾದಲ್ಲಿರುವ ಮಗಳು ಎಷ್ಟೇ ಅಂಕ ತೆಗೆದರೂ ಅರ್ಹಳಲ್ಲ. ಇಲ್ಲಿಂದ ಎಫ್-1 ವೀಸಾದಲ್ಲಿ ಓದಲು ಹೋದವರೂ ಅಲ್ಲ. ಒಂದೇ ಮನೆಯ ಅಕ್ಕನಿಗಿಲ್ಲದ್ದು ತಮ್ಮನಿಗೆ ಸಿಗುವುದು ಹೀಗೆ. ಅಕ್ಕನಿಗೆ ಓದಿನ ನಡುವೆ ಗ್ರೀನ್ ಕಾರ್ಡ್ ಬಂದರೆ, ಅಂದೇ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಹೋಗಿ ಆ ವರ್ಷದ ಫ್ಯಾಫ್ಸಾ ತುಂಬಲಿ.